ಬ್ರೊಕೋಲಿ ಬದಲು ದಪ್ಪ ಮೆಣಸಿನಕಾಯಿ

ಎತ್ತರದ ಕುರ್ಚಿಯಲ್ಲಿ ಕೂತ ಪುಟ್ಟ ಹುಡುಗಿಯ ಬಾಯಿಗೆ ಅಪ್ಪ ಚಮಚ ಹಿಡಿಯುತ್ತಾನೆ. ಮಗು ಹಸಿರು ತರಕಾರಿ ನೋಡಿದ್ದೇ ಮುಖ ಹಿಂಡುತ್ತದೆ. ‘ಇನ್‌ಸೈಡ್ ಔಟ್’ ಎಂಬ 2015ರ ಆನಿಮೇಷನ್ ಚಿತ್ರದ ಈ ದೃಶ್ಯದಲ್ಲಿ ಅಮೆರಿಕದ ಪ್ರೇಕ್ಷಕರಿಗೆ ಕಂಡದ್ದು ಬ್ರೊಕೋಲಿ, ಜಪಾನಿನವರಿಗೆ ಕಂಡದ್ದು ಹಸಿರು ದಪ್ಪ ಮೆಣಸಿನಕಾಯಿ. ಜಪಾನಿನ ಮಕ್ಕಳಿಗೆ ಬ್ರೊಕೋಲಿ ಎಂದರೆ ಇಷ್ಟ. ಅದನ್ನು ಕಂಡು ಅಳುವ ಹುಡುಗಿ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ. ಕನ್ನಡದ ಮನೆಯಾಗಿದ್ದರೆ ಆ ಚಮಚದಲ್ಲಿ ಹಾಗಲಕಾಯಿ ಇರಬೇಕಾಗಿತ್ತು.

ಈ ಬದಲಾವಣೆ ನಡೆದದ್ದು ಎಮರಿವಿಲ್‌ನಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೇ ಬ್ರಿಜ್ ದಾಟಿದರೆ ಸಿಗುವ, ಓಕ್ಲ್ಯಾಂಡ್ ಮತ್ತು ಬರ್ಕ್ಲಿ ನಗರಗಳ ನಡುವೆ ಸಿಕ್ಕಿಕೊಂಡ ಪುಟ್ಟ ಊರು. 2020ರ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 13 ಸಾವಿರ ಮಂದಿ. ಹಿಂದೆ ಹಣ್ಣುಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆ ಇದ್ದ ಜಾಗಕ್ಕೆ 2000ದಲ್ಲಿ ಪಿಕ್ಸಾರ್ ಸ್ಟುಡಿಯೋ ಬಂದು ನೆಲೆಸಿತು. ಅಲ್ಲಿಂದ ಹೊರಡುವ ಚಿತ್ರಗಳು ಹತ್ತಾರು ದೇಶಗಳಿಗೆ ಹೋಗುತ್ತವೆ. ‘ಇನ್‌ಸೈಡ್ ಔಟ್’ ಒಂದಕ್ಕೇ ಬೇರೆ ದೇಶಗಳಿಗೆಂದು 45 ಶಾಟ್‌ಗಳಲ್ಲಿ 28 ಚಿತ್ರಭಾಗಗಳನ್ನು ಬದಲಿಸಲಾಯಿತು ಎಂದು ನಿರ್ದೇಶಕ ಪೀಟ್ ಡಾಕ್ಟರ್ ಹೇಳಿದ್ದಾರೆ. ಬಿಂಗ್‌ಬಾಂಗ್ ಎಂಬ ಪಾತ್ರ ಬೋರ್ಡಿನ ಅಕ್ಷರಗಳನ್ನು ಬೆರಳಿಟ್ಟು ಓದುವ ದೃಶ್ಯವೂ ಅದರಲ್ಲಿ ಸೇರಿತ್ತು. ಬಲದಿಂದ ಎಡಕ್ಕೆ ಓದುವವರಿಗೆಂದು ಅವನ ಬೆರಳು ಚಲಿಸುವ ದಿಕ್ಕನ್ನೇ ತಿರುಗಿಸಿದರು.

ಇನ್ನೊಬ್ಬರ ರೀತಿ ರಿವಾಜು ಅರಿತು ಅದಕ್ಕೆ ತಕ್ಕಂತೆ ನಡೆದುಕೊಳ್ಳುವ ಈ ಶಕ್ತಿಗೆ ವಿದ್ವಾಂಸರು ‘ಸಾಂಸ್ಕೃತಿಕ ಜಾಣ್ಮೆ’ ಎಂದು ಹೆಸರಿಟ್ಟಿದ್ದಾರೆ. ಕ್ರಿಸ್ಟೋಫರ್ ಅರ್ಲಿ ಮತ್ತು ಸೂನ್ ಆಂಗ್ 2003ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದರು. ಬೇರೆ ಸಂಸ್ಕೃತಿಯ ಬಗ್ಗೆ ತಿಳಿದಿರುವುದು ಇದರ ಒಂದು ಪಾಲು ಮಾತ್ರ. ಬೆರೆಯುವ ಮನಸ್ಸು ಬೇಕು, ನಡವಳಿಕೆ ಬದಲಿಸಿಕೊಳ್ಳಲು ಬರಬೇಕು, ‘ನಾನು ಅಂದುಕೊಂಡದ್ದು ತಪ್ಪಿರಬಹುದು’ ಎಂದು ತನ್ನ ಯೋಚನೆಯನ್ನೇ ಹೊರಳಿ ನೋಡುವ ಅಭ್ಯಾಸವೂ ಬೇಕು. ಕೊನೆಯದೇ ಎಲ್ಲಕ್ಕಿಂತ ಕಷ್ಟ.

ಬೆಂಗಳೂರಿನ ಕಚೇರಿಗಳಲ್ಲಿ ದುಡಿಯುವವರಿಗೆ ಇದು ದಿನನಿತ್ಯದ ಮಾತು. ಅಮೆರಿಕದ ಮ್ಯಾನೇಜರ್ ಫೋನಿನಲ್ಲಿ ‘ಶುಕ್ರವಾರಕ್ಕೆ ಮುಗಿಯುತ್ತದೆಯೇ?’ ಎಂದು ಕೇಳಿದರೆ ಇತ್ತ ಕಡೆಯವರು ‘ಪ್ರಯತ್ನ ಮಾಡ್ತೀವಿ’ ಎನ್ನುತ್ತಾರೆ. ಕೇಳಿದವರು ಅದನ್ನು ಹೌದು ಎಂದೇ ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ‘ನೋಡೋಣ ಬಿಡಿ’ ಎಂದರೆ ಬಹುಪಾಲು ‘ಆಗೋದಿಲ್ಲ’ ಎಂದೇ ಅರ್ಥ. ಹಿರಿಯರ ಮುಖಕ್ಕೆ ಹೊಡೆದಂತೆ ಇಲ್ಲ ಅನ್ನಬಾರದೆಂಬ ಮರ್ಯಾದೆ ಅದರೊಳಗಿದೆ. 2000ದ ಆಸುಪಾಸಿನಲ್ಲಿ ಕಾಲ್ ಸೆಂಟರ್‌ಗಳು ಹುಡುಗ ಹುಡುಗಿಯರಿಗೆ ಅಮೆರಿಕದ ಉಚ್ಚಾರಣೆ ಕಲಿಸಿ, ಅಲ್ಲಿನ ಹೆಸರುಗಳನ್ನೂ ಇಟ್ಟವು. ಆದರೆ ‘ನೋಡೋಣ’ ಎಂಬುದರ ಅರ್ಥವನ್ನು ಆಚೆ ಕಡೆಯವರಿಗೆ ಹೇಳಿಕೊಟ್ಟವರು ಅಪರೂಪ. ಒಂದೇ ಕಡೆಯವರು ಬದಲಾದರೆ ಅದನ್ನು ಅನುಕರಣೆ ಎನ್ನಬಹುದು, ಅರಿವು ಎನ್ನಲಾಗದು.

ಪಿಕ್ಸಾರ್ ಕೂಡ ಇದನ್ನು ಕಲಿತದ್ದು ಪೆಟ್ಟು ತಿಂದೇ. ಮೆಕ್ಸಿಕೋದಲ್ಲಿ ನವೆಂಬರ್ ಮೊದಲಲ್ಲಿ ತೀರಿಕೊಂಡವರ ಹಬ್ಬ ನಡೆಯುತ್ತದೆ. ಸತ್ತವರ ಫೋಟೋ ಇಟ್ಟು, ಚೆಂಡು ಹೂವು ಹರಡಿ, ಅವರಿಗೆ ಇಷ್ಟವಾದ ಅಡುಗೆ ಮಾಡಿಡುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. (ನಮ್ಮ ಆಯುಧಪೂಜೆಗೆ ಕಳೆ ಕಟ್ಟುವ ಚೆಂಡು ಹೂವಿನ ತವರೂ ಆ ಸೀಮೆಯೇ.) ಈ ಹಬ್ಬದ ಮೇಲೆ ಚಿತ್ರ ತಯಾರಾಗುತ್ತಿದ್ದಾಗ, 2013ರ ಮೇ ತಿಂಗಳಲ್ಲಿ, ಪಿಕ್ಸಾರ್‌ನ ಒಡೆಯನಾದ ಡಿಸ್ನಿ ಕಂಪನಿ ಹಬ್ಬದ ಹೆಸರನ್ನೇ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಅರ್ಜಿ ಹಾಕಿತು. ಹಬ್ಬಕ್ಕೆ ಮಾಲೀಕರು ಯಾರು? ಅಮೆರಿಕದಲ್ಲಿರುವ ಮೆಕ್ಸಿಕನ್ ಮೂಲದವರು ಸಿಡಿದೆದ್ದರು. ವ್ಯಂಗ್ಯಚಿತ್ರಕಾರ ಲಾಲೋ ಅಲ್ಕರಾಜ್ ಮಿಕ್ಕಿಮೌಸನ್ನು ಊರು ನುಂಗಲು ಬಂದ ಎಲುಬುಗೂಡಿನ ದೈತ್ಯನಂತೆ ಬರೆದರು. ಕೆಲವೇ ದಿನಗಳಲ್ಲಿ ಕಂಪನಿ ಅರ್ಜಿ ಹಿಂತೆಗೆದುಕೊಂಡಿತು.

ಮುಂದೆ ಆದದ್ದು ಇನ್ನೂ ಮುಖ್ಯ. ಟೀಕಿಸಿದ ಅಲ್ಕರಾಜ್ ಅವರನ್ನೇ ಸ್ಟುಡಿಯೋ ಸಲಹೆಗಾರರನ್ನಾಗಿ ಕರೆಯಿತು. ನಾಟಕಕಾರ ಆಕ್ಟೇವಿಯೋ ಸೋಲಿಸ್ ಕೂಡ ಜೊತೆಯಾದರು. ನಿರ್ದೇಶಕ ಲೀ ಅನ್‌ಕ್ರಿಚ್ ಅಷ್ಟರಲ್ಲಾಗಲೇ ತಮ್ಮ ಮೊದಲ ಕಥೆಯನ್ನು ಕೈಬಿಟ್ಟಿದ್ದರು. ಅದರಲ್ಲಿ ಅಮೆರಿಕದ ಹುಡುಗನೊಬ್ಬ ತಾಯಿಯ ಸಾವಿನ ದುಃಖವನ್ನು ಬಿಟ್ಟುಕೊಡಲು ಕಲಿಯುತ್ತಿದ್ದ. ‘ಹೋದವರನ್ನು ಬಿಟ್ಟು ಮುಂದೆ ಸಾಗು’ ಎಂಬುದು ಅಮೆರಿಕದವರ ಸಾಂತ್ವನ. ಈ ಹಬ್ಬ ಹೇಳುವುದೋ ತದ್ವಿರುದ್ಧ: ಹೋದವರನ್ನು ಮರೆಯಬೇಡ. ಬಟ್ಟೆ, ಹಾಡು, ಹೂವು ಎಲ್ಲವನ್ನೂ ಸರಿಯಾಗಿ ತೋರಿಸಿಯೂ ಆ ಮೊದಲ ಕಥೆ ಬುಡದಲ್ಲೇ ತಪ್ಪಿರುತ್ತಿತ್ತು. ಸಲಹೆಗಾರರು ಸಣ್ಣಪುಟ್ಟದ್ದನ್ನೂ ಬಿಡಲಿಲ್ಲ. ಚಿತ್ರದ ಅಜ್ಜಿಯ ಕೈಯಲ್ಲಿ ಮೊದಲು ಇದ್ದದ್ದು ಮರದ ಸೌಟು. ಮೆಕ್ಸಿಕೋದ ಅಜ್ಜಿ ಗದರುವಾಗ ಕೈಗೆತ್ತಿಕೊಳ್ಳುವುದು ಕಾಲಿನ ಚಪ್ಪಲಿ ಎಂದರು. ಚಪ್ಪಲಿ ಬಂತು.

ಹೀಗೆ ತಯಾರಾದ ಚಿತ್ರ ‘ಕೋಕೊ’ 2017ರಲ್ಲಿ ಅಮೆರಿಕಕ್ಕಿಂತ ತಿಂಗಳು ಮೊದಲು ಮೆಕ್ಸಿಕೋದಲ್ಲೇ ತೆರೆಕಂಡು, ಅಲ್ಲಿ ಗಳಿಕೆಯ ದಾಖಲೆ ಬರೆಯಿತು. ಆಮೇಲೆ ಎರಡು ಆಸ್ಕರ್ ಬಂದವು.

ಹೊರಗಿನವರನ್ನು ಕರೆಸಿ ಕೇಳುವುದು ಒಂದು ದಾರಿ. ಒಳಗೇ ಇದ್ದು ಸುಮ್ಮನಿರುವವರಿಗೆ ಬಾಯಿ ಬರುವಂತೆ ಮಾಡುವುದು ಇನ್ನೊಂದು. ಸಂಜಯ್ ಪಟೇಲ್ 1996ರಲ್ಲೇ ಪಿಕ್ಸಾರ್ ಸೇರಿದ್ದರೂ ತಮ್ಮ ಮನೆಯ ಕಥೆಯನ್ನು ತೆರೆಗೆ ತಂದದ್ದು 2015ರಲ್ಲಿ. ‘ಸಂಜಯ್ಸ್ ಸೂಪರ್ ಟೀಮ್’ ಏಳು ನಿಮಿಷದ ಕಿರುಚಿತ್ರ. ಟಿವಿಯ ಮುಂದೆ ಸೂಪರ್‌ಹೀರೋ ನೋಡುವ ಮಗ, ಅದೇ ಕೋಣೆಯಲ್ಲಿ ಗಂಟೆ ಬಾರಿಸಿ ಪೂಜೆಗೆ ಕರೆಯುವ ಅಪ್ಪ. ಹುಡುಗನ ಹಗಲುಗನಸಿನಲ್ಲಿ ವಿಷ್ಣು, ದುರ್ಗೆ, ಹನುಮಂತ ಎದ್ದು ಬರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಎಷ್ಟೋ ಕನ್ನಡ ಮನೆಗಳಲ್ಲೂ ದೇವರ ಕೋಣೆಯ ಗಂಟೆ ಮತ್ತು ಹಾಲ್‌ನ ಟಿವಿ ಹೀಗೇ ಜಗ್ಗಾಡುತ್ತವೆ. ಚಿತ್ರ ಆಸ್ಕರ್ ನಾಮನಿರ್ದೇಶನ ಪಡೆಯಿತು. ನೌಕರಿಗೆ ಬಂದವರು ತಮ್ಮ ಮನೆಯನ್ನು ಹೊಸ್ತಿಲಲ್ಲೇ ಬಿಟ್ಟು ಬರುವಂತಿದ್ದರೆ, ಅವರ ಅರ್ಧ ಪ್ರತಿಭೆಯೂ ಅಲ್ಲೇ ಉಳಿಯುತ್ತದೆ. ನಾನಾ ದೇಶದವರನ್ನು ನೇಮಿಸಿಕೊಂಡೆವು ಎಂದು ಹೇಳಿಕೊಳ್ಳುವ ಕಂಪನಿಗಳು ಈ ಲೆಕ್ಕವನ್ನೂ ಇಡಬೇಕು.

ಯಂತ್ರಗಳು ಬರೆಯುವ, ಬಿಡಿಸುವ ಈ ಕಾಲದಲ್ಲಿ ‘ಮಾನವೀಯ ಕೌಶಲ’ ಎಂಬ ಮಾತು ಉದ್ಯೋಗ ಜಾಹೀರಾತುಗಳಲ್ಲೂ ಕಾಣುತ್ತದೆ. ಅದು ಏನೆಂದು ತಿಳಿಯಲು ಮತ್ತೆ ‘ಇನ್‌ಸೈಡ್ ಔಟ್’ಗೇ ಹೋಗಬೇಕು. ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡ್ಯಾಕರ್ ಕೆಲ್ಟ್ನರ್ ಈ ಚಿತ್ರಕ್ಕೆ ಸಲಹೆ ನೀಡಿದ್ದರು. ಬಿಂಗ್‌ಬಾಂಗ್‌ನ ಪ್ರೀತಿಯ ಗಾಡಿ ಪಾತಾಳಕ್ಕೆ ಬಿದ್ದುಹೋಗುತ್ತದೆ. ಭಾವನೆಗಳೇ ಪಾತ್ರಗಳಾದ ಈ ಚಿತ್ರದಲ್ಲಿ ‘ಸಂತೋಷ’ ಎಂಬವಳು ಕಚಗುಳಿ ಇಡುತ್ತಾಳೆ, ಮುಖ ಸೊಟ್ಟ ಮಾಡುತ್ತಾಳೆ, ಆಟಕ್ಕೆ ಕರೆಯುತ್ತಾಳೆ. ಅವನು ಮೇಲೇಳುವುದಿಲ್ಲ. ‘ದುಃಖ’ ಸುಮ್ಮನೆ ಬಂದು ಪಕ್ಕ ಕೂರುತ್ತಾಳೆ, ಇಷ್ಟವಾದದ್ದು ಹೋಯಿತಲ್ಲ ಎನ್ನುತ್ತಾಳೆ, ಅವನ ಹಳೆಯ ನೆನಪುಗಳನ್ನು ಕೇಳುತ್ತಾಳೆ. ಅವನು ಅತ್ತು, ಕಣ್ಣೊರೆಸಿಕೊಂಡು, ತಾನೇ ಎದ್ದು ದಾರಿ ತೋರಿಸುತ್ತಾನೆ. ಸಾವಿನ ಮನೆಗೆ ಹೋಗಿ ಏನೂ ಮಾತಾಡದೆ ಜಗಲಿಯಲ್ಲಿ ಕೂತು ಬರುವ ನಮ್ಮ ಹಳ್ಳಿಯ ಹಿರಿಯರಿಗೆ ಇದು ಗೊತ್ತಿದ್ದ ವಿದ್ಯೆ.

ಕೇಳಿಸಿಕೊಳ್ಳದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಎಮರಿವಿಲ್‌ನಲ್ಲೇ ಸಾಕ್ಷಿಯಿದೆ, ಸ್ಟುಡಿಯೋದಿಂದ ನಡೆದು ಹೋಗುವಷ್ಟು ದೂರದಲ್ಲಿ. ಅಲ್ಲಿನ ಮೂಲನಿವಾಸಿಗಳಾದ ಒಹ್ಲೋನಿಯರು ಸಾವಿರಾರು ವರ್ಷ ತಮ್ಮವರನ್ನು ಮಣ್ಣು ಮಾಡುತ್ತಾ ಬಂದ ಚಿಪ್ಪಿನ ದಿಬ್ಬವೊಂದು ಕೊಲ್ಲಿಯ ದಡದಲ್ಲಿತ್ತು. ಎತ್ತರ ಸುಮಾರು 60 ಅಡಿ. 19ನೇ ಶತಮಾನದಲ್ಲಿ ಅದರ ನೆತ್ತಿಯ ಮೇಲೆ ನೃತ್ಯಮಂಟಪ ಕಟ್ಟಿದರು. 1902ರಲ್ಲಿ ಮ್ಯಾಕ್ಸ್ ಊಲೆ ಎಂಬ ಪುರಾತತ್ತ್ವಜ್ಞ ಅಗೆದು ನೋಡಿದರು. 1924ರಲ್ಲಿ ದಿಬ್ಬವನ್ನು ನೆಲಸಮ ಮಾಡಿ ಕಾರ್ಖಾನೆ ಎಬ್ಬಿಸಿದರು. ಆಗ ಸಿಕ್ಕ ಸಮಾಧಿಗಳು 700ಕ್ಕೂ ಹೆಚ್ಚು. 2002ರಲ್ಲಿ ಅದೇ ನೆಲದ ಮೇಲೆ ಬೇ ಸ್ಟ್ರೀಟ್ ಮಾಲ್ ತೆರೆಯಿತು, ಕಟ್ಟುವಾಗ ಮತ್ತಷ್ಟು ಅಸ್ಥಿಗಳು ಸಿಕ್ಕ ಮೇಲೂ. ಈಗ ಅಲ್ಲಿ ಒಂದು ಪುಟ್ಟ ಸ್ಮಾರಕವಿದೆ, ರಸ್ತೆಗೆ ಶೆಲ್‌ಮೌಂಡ್, ಅಂದರೆ ಚಿಪ್ಪಿನ ದಿಬ್ಬ, ಎಂಬ ಹೆಸರಿದೆ. ಅಜ್ಜ ಅಜ್ಜಿಯರ ಗೋರಿಯ ಮೇಲೆ ಬಟ್ಟೆ ಅಂಗಡಿ ಬಂದವರಿಗೆ ಇದು ಸಮಾಧಾನವಾಗಲು ಸಾಧ್ಯವೇ? ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಜನ ಖರೀದಿಗೆ ಮುಗಿಬೀಳುವ ಹೊತ್ತಿಗೆ, ಕೊರಿನಾ ಗೌಲ್ಡ್ ಅವರಂಥ ಒಹ್ಲೋನಿ ಮುಂದಾಳುಗಳು ಮಾಲ್‌ನ ಮುಂದೆ ನಿಂತು ಇದನ್ನೇ ವರ್ಷಗಟ್ಟಲೆ ಹೇಳುತ್ತಾ ಬಂದಿದ್ದಾರೆ.

ಆ ಮಾತು ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದ ಬರ್ಕ್ಲಿಯಲ್ಲಿ ಕೇಳಿಸಿತು. ಅಲ್ಲಿನ ಇನ್ನೊಂದು ಚಿಪ್ಪಿನ ದಿಬ್ಬದ ಜಾಗ ಡಾಂಬರು ಹಾಕಿದ ಪಾರ್ಕಿಂಗ್ ಸ್ಥಳವಾಗಿತ್ತು, ಕಟ್ಟಡ ಎಬ್ಬಿಸುವ ವ್ಯಾಜ್ಯ ವರ್ಷಗಳ ಕಾಲ ನಡೆದಿತ್ತು. 2024ರ ಜುಲೈನಲ್ಲಿ ಆ 2.2 ಎಕರೆಯನ್ನು ಕೊಂಡು, ಗೌಲ್ಡ್ ಸಹಸ್ಥಾಪಕಿಯಾದ ಸೊಗೊರಿಯಾ ತೇ ಭೂಟ್ರಸ್ಟಿಗೆ ಒಪ್ಪಿಸಲು ನಗರಸಭೆ ತೀರ್ಮಾನಿಸಿತು. ಬೆಲೆ 2.7 ಕೋಟಿ ಡಾಲರ್, ಅದರ ಬಹುಪಾಲನ್ನು ತಂದದ್ದು ಟ್ರಸ್ಟೇ. ಡಾಂಬರು ಕಿತ್ತು, ನೆಲದಡಿ ಮುಚ್ಚಿಹೋದ ತೊರೆಯನ್ನು ಮತ್ತೆ ಬೆಳಕಿಗೆ ತಂದು, ಹಳೆಯ ದಿಬ್ಬದ ನೆನಪಿಗೆ ಹೊಸದೊಂದು ದಿಬ್ಬ ಎತ್ತಿ, ಅದರ ತುಂಬ ಕ್ಯಾಲಿಫೋರ್ನಿಯಾದ ಕಿತ್ತಳೆ ಬಣ್ಣದ ಪಾಪಿ ಹೂವು ಬೆಳೆಸಬೇಕೆಂಬುದು ಅವರ ಯೋಜನೆ.