ಪಟ್ಟಿಯ ಮೊದಲಿಗರು

ಕೊಳ್ಳೇಗಾಲದ ರೇಷ್ಮೆಗೂಡಿನ ಮಾರುಕಟ್ಟೆಗೆ ರೈತರು ತಂದ ಗೂಡುಗಳನ್ನು ಕೊಳ್ಳುವವರು ಮೊದಲು ಕೈಯಲ್ಲಿ ಹಿಡಿದು ನೋಡುತ್ತಾರೆ. ಬಣ್ಣ ಹೇಗಿದೆ, ಗಾತ್ರ ಸಮನಾಗಿದೆಯೆ, ಒತ್ತಿದರೆ ಗಟ್ಟಿಯಾಗಿದೆಯೆ ಎಂದು ಪರೀಕ್ಷಿಸುತ್ತಾರೆ. ಕಿವಿಯ ಬಳಿ ಅಲುಗಿಸಿ ಒಳಗಿನ ಹುಳುವಿನ ಸದ್ದನ್ನು ಆಲಿಸುತ್ತಾರೆ. ಅನಂತರವೇ ಹರಾಜು. ಆದರೆ ಆ ಗೂಡಿನಿಂದ ಎಷ್ಟು ಉದ್ದದ ಎಳೆ ತುಂಡಾಗದೆ ಬರುವುದೆಂಬುದು ಬಿಸಿನೀರಿನಲ್ಲಿ ಅದನ್ನು ಬೇಯಿಸಿ ನೂಲು ಬಿಚ್ಚಿದಾಗಲೇ ಗೊತ್ತಾಗುವುದು. ಪಳಗಿದ ಕೈಯ ಅಂದಾಜು ಬಹುಮಟ್ಟಿಗೆ ಸರಿಹೋಗುತ್ತದೆ. ಆಗಾಗ್ಗೆ ತಪ್ಪುವುದೂ ಉಂಟು.

ಗೂಡನ್ನು ಅಳೆಯುವಂತೆ ಆಟಗಾರರನ್ನೂ ಅಳೆಯುವ ಪದ್ಧತಿ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಹನೂರು, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳ ಶಾಲೆಗಳಲ್ಲಿ ಪ್ರತಿವರ್ಷ ಕಬಡ್ಡಿ, ಕೊಕ್ಕೊ ಮೊದಲಾದ ಆಟಗಳ ಆಯ್ಕೆ ನಡೆಯುತ್ತದೆ. ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಜಿಲ್ಲೆಯಲ್ಲಿ ಗೆದ್ದವರು ಮೈಸೂರು ವಿಭಾಗಕ್ಕೆ, ಅಲ್ಲಿಂದ ರಾಜ್ಯಮಟ್ಟಕ್ಕೆ ಏರುತ್ತಾರೆ. ಮಹದೇಶ್ವರ ಬೆಟ್ಟದ ಸೀಮೆಯ ಬಾಲಕನೊಬ್ಬನು ಹನೂರು, ಕೊಳ್ಳೇಗಾಲ, ಯಳಂದೂರುಗಳನ್ನು ದಾಟಿ ಚಾಮರಾಜನಗರದ ಮೈದಾನವನ್ನು ಸೇರುವ ವೇಳೆಗೆ ಅರ್ಧ ದಣಿದಿರುತ್ತಾನೆ. ಅಲ್ಲಿ ಕೆಲವೇ ನಿಮಿಷಗಳ ಆಟವನ್ನು ಕಂಡು ಆಯ್ಕೆಗಾರರು ಅವನ ಹೆಸರನ್ನು ಬರೆದುಕೊಳ್ಳಬೇಕು, ಇಲ್ಲವೆ ಬಿಡಬೇಕು. ಬಿಟ್ಟುಹೋದ ಹೆಸರಿನ ಬಾಲಕನು ಊರಿಗೆ ಮರಳಿ, ಆಟ ತನ್ನದಲ್ಲವೆಂದು ಅದನ್ನು ಕೈಬಿಡುವ ಸಂಭವವೇ ಹೆಚ್ಚು. ಹಾಗಾದರೆ ಈ ಪಟ್ಟಿಗಳು ಎಷ್ಟರಮಟ್ಟಿಗೆ ನಂಬಲರ್ಹ? ಶ್ರೇಷ್ಠರೆಂದು ಎಣಿಸಲ್ಪಟ್ಟವರನ್ನು ಕೂಡಿಸಿದ ತಂಡವೇ ಗೆಲ್ಲುತ್ತದೆಯೆ?

ಈ ಪ್ರಶ್ನೆಗೆ ಉತ್ತರವನ್ನು ಅರಸಲು ಪ್ರೊ ಕಬಡ್ಡಿ ಲೀಗ್ ಒಳ್ಳೆಯ ಕ್ಷೇತ್ರ. ಅಲ್ಲಿ ಆಟಗಾರರ ಯೋಗ್ಯತೆಯನ್ನು ಹರಾಜಿನ ಬೆಲೆಯಿಂದಲೇ ಅಳೆಯುತ್ತಾರೆ. ಯಾರು ಮೊದಲಿಗರು, ಯಾರು ಹಿಂದಿನವರು ಎಂಬುದು ರೂಪಾಯಿಗಳಲ್ಲಿ ಬರೆದಿಟ್ಟಂತೆ ಸ್ಪಷ್ಟ. 2018ರ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ ಪಡೆದವರು ಮೋನು ಗೋಯತ್. ಹರಿಯಾಣ ಸ್ಟೀಲರ್ಸ್ ತಂಡವು ಅವರಿಗೆ 1 ಕೋಟಿ 51 ಲಕ್ಷ ರೂಪಾಯಿ ಕೊಟ್ಟಿತು. ಆ ತಂಡ ತನ್ನ ಗುಂಪಿನಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಅದೇ ವರ್ಷ ಬೆಂಗಳೂರು ಬುಲ್ಸ್ ತಂಡವು ಪವನ್ ಸೆಹ್ರಾವತ್ ಎಂಬ ಯುವಕನನ್ನು ಅದರ ಅರ್ಧದಷ್ಟೂ ಇಲ್ಲದ ಬೆಲೆಗೆ ಸೇರಿಸಿಕೊಂಡಿತ್ತು. 2019ರ ಜನವರಿ 5ರಂದು ನಡೆದ ಅಂತಿಮ ಪಂದ್ಯದಲ್ಲಿ ಆತನು ಒಬ್ಬನೇ 22 ಅಂಕ ಗಳಿಸಿದನು. ಬೆಂಗಳೂರು ಗುಜರಾತನ್ನು 38–33ರಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಪಡೆಯಿತು.

ಇಲ್ಲಿಂದ ಮುಂದಿನ ಕಥೆ ಇನ್ನೂ ಸ್ವಾರಸ್ಯಕರವಾದುದು. ಪವನ್ ಈಗ ದೇಶದ ಮೊದಲ ಸಾಲಿನ ದಾಳಿಗಾರರೆನಿಸಿದರು. 2022ರಲ್ಲಿ ತಮಿಳ್ ತಲೈವಾಸ್ ತಂಡವು 2 ಕೋಟಿ 26 ಲಕ್ಷ ರೂಪಾಯಿ ತೆತ್ತು ಅವರನ್ನು ಕೊಂಡಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ತಂಡದ ಮೊದಲ ಪಂದ್ಯದಲ್ಲಿಯೇ ಅವರ ಮಂಡಿಗೆ ಪೆಟ್ಟಾಗಿ, ಆ ವರ್ಷ ಮತ್ತೆ ಅಂಕಣಕ್ಕೆ ಇಳಿಯಲಾಗಲಿಲ್ಲ. ತಂಡದ ಗತಿ ಮುಗಿಯಿತೆಂದೇ ಎಲ್ಲರೂ ಎಣಿಸಿದರು. ಆದರೆ ನರೇಂದರ್ ಎಂಬ ಹೊಸ ಹುಡುಗ ದಾಳಿಯ ಹೊಣೆಯನ್ನು ಹೊತ್ತು 200ಕ್ಕೂ ಹೆಚ್ಚು ಅಂಕ ತಂದನು. ಅದುವರೆಗೆ ಒಮ್ಮೆಯೂ ಆ ಹಂತ ಮುಟ್ಟದಿದ್ದ ತಲೈವಾಸ್ ಉಪಾಂತ್ಯವನ್ನು ತಲುಪಿತು. ಮರುವರ್ಷ ತೆಲುಗು ಟೈಟನ್ಸ್ ಪವನ್ ಅವರಿಗೆ 2 ಕೋಟಿ 60 ಲಕ್ಷ 50 ಸಾವಿರ ರೂಪಾಯಿ ಕೊಟ್ಟಿತು. ಈ ಬಾರಿ ಅವರಿಗೆ ಪೆಟ್ಟಾಗಲಿಲ್ಲ, ಆಟವೂ ಕುಂದಲಿಲ್ಲ, ಅವರು ಸ್ವತಃ ರಾಶಿ ರಾಶಿ ಅಂಕ ಗಳಿಸಿದರು. ಆದರೂ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಟೈಟನ್ಸ್ 12 ತಂಡಗಳಲ್ಲಿ ಹನ್ನೆರಡನೆಯದಾಯಿತು.

ಇದಕ್ಕೆ ಕಾರಣ ಕಬಡ್ಡಿಯ ನಿಯಮಗಳಲ್ಲಿಯೇ ಅಡಗಿದೆ. ದಾಳಿಗೆ ಹೋದವನು ಸಿಕ್ಕಿಬಿದ್ದರೆ ಅಂಕಣದ ಹೊರಗೆ ಕುಳಿತುಕೊಳ್ಳಬೇಕು. ಅವನು ಸಾಮಾನ್ಯವಾಗಿ ಮರಳಿ ಬರುವುದು ಜೊತೆಯವರು ಎದುರಾಳಿಗಳನ್ನು ಔಟ್ ಮಾಡಿದಾಗ. ಉಳಿದ ಆರು ಮಂದಿ ದುರ್ಬಲರಾಗಿದ್ದರೆ ಎರಡೂವರೆ ಕೋಟಿಯ ಆಟಗಾರನೂ ಹೊರಗೆ ಕುಳಿತು ಆಟ ನೋಡಬೇಕಾಗುತ್ತದೆ. ಹಿಡಿತವಂತೂ ಒಬ್ಬನ ಕೆಲಸವೇ ಅಲ್ಲ. ಒಬ್ಬನು ಕಾಲು ಹಿಡಿದ ಕ್ಷಣದಲ್ಲಿ ಪಕ್ಕದವನು ಸೊಂಟಕ್ಕೆ ಕೈಹಾಕಬೇಕು. ಅರೆಕ್ಷಣ ತಡವಾದರೆ ಹಿಡಿದ ಇಬ್ಬರೂ ಔಟ್. ಈ ಹೊಂದಾಣಿಕೆ ಹಲವು ತಿಂಗಳ ಒಡನಾಟದಿಂದ ಬರಬೇಕೇ ಹೊರತು ಹರಾಜಿನಲ್ಲಿ ದೊರೆಯುವಂಥದಲ್ಲ. ಹಣದ ಲೆಕ್ಕವೂ ಒಂದಿದೆ. 2023ರಲ್ಲಿ ಪ್ರತಿ ತಂಡವೂ ತನ್ನ ಎಲ್ಲ ಆಟಗಾರರಿಗೆ ಒಟ್ಟು 5 ಕೋಟಿಯನ್ನಷ್ಟೆ ವ್ಯಯಿಸಬಹುದಾಗಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಬ್ಬರಿಗೇ ಕೊಟ್ಟ ಮೇಲೆ ಉಳಿದವರ ಪಾಲಿಗೆ ಏನಿದ್ದೀತು?

ಹಾಗೆಂದ ಮಾತ್ರಕ್ಕೆ ಬೆಲೆಗೂ ಗೆಲುವಿಗೂ ಸಂಬಂಧವೇ ಇಲ್ಲವೆನ್ನುವುದು ದುಡುಕಾದೀತು. ಅದೇ 2023ರಲ್ಲಿ ಪುಣೇರಿ ಪಲ್ಟನ್ ತಂಡವು ಇರಾನಿನ ಶಾದ್ಲೂಯಿ ಅವರಿಗೆ 2 ಕೋಟಿ 35 ಲಕ್ಷ ಕೊಟ್ಟು ಪ್ರಶಸ್ತಿಯನ್ನೂ ಗೆದ್ದಿತು. ಮರುವರ್ಷ ಹರಿಯಾಣ ಅವರನ್ನು 2 ಕೋಟಿ 7 ಲಕ್ಷಕ್ಕೆ ಕೊಂಡಿತು. 2024ರ ಡಿಸೆಂಬರಿನಲ್ಲಿ ಅದೂ ಚಾಂಪಿಯನ್ ಆಯಿತು. ಆದರೆ ಪುಣೆಯ ಗೆಲುವಿನ ಹಿಂದೆ ಕರ್ನಾಟಕದ ತರಬೇತುದಾರ ಬಿ. ಸಿ. ರಮೇಶ್ ಇದ್ದರು, 2019ರಲ್ಲಿ ಬೆಂಗಾಲ್ ವಾರಿಯರ್ಸ್ ತಂಡವನ್ನು ಗೆಲ್ಲಿಸಿದವರೂ ಅವರೇ. ತರಬೇತುದಾರರಿಗೆ ಹರಾಜಿಲ್ಲ, ಆದ್ದರಿಂದ ಅವರ ಬೆಲೆ ಯಾವ ಪಟ್ಟಿಯಲ್ಲಿಯೂ ಕಾಣಿಸುವುದಿಲ್ಲ.

ಅಮೆರಿಕದಲ್ಲಿ ಈ ಎಣಿಕೆ ಶಾಲೆಯಲ್ಲಿಯೇ ಆರಂಭವಾಗುತ್ತದೆ. ಅಲ್ಲಿನ ಫುಟ್‌ಬಾಲ್ ನಾವು ಆಡುವ ಕಾಲ್ಚೆಂಡಿನ ಆಟವಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಬೇರೆಯ ಆಟ. ಹದಿನಾರು ಹದಿನೇಳರ ವಿದ್ಯಾರ್ಥಿಗಳಿಗೆ ಐದರವರೆಗೆ ನಕ್ಷತ್ರಗಳನ್ನು ಕೊಟ್ಟು ಪಟ್ಟಿ ಮಾಡುತ್ತಾರೆ. ಹೆಚ್ಚು ನಕ್ಷತ್ರದವರಿಗಾಗಿ ಕಾಲೇಜುಗಳು ಪೈಪೋಟಿ ನಡೆಸುತ್ತವೆ. ಅಂಥವರನ್ನು ಹೇರಳವಾಗಿ ಕೂಡಿಸಿದ ಕಾಲೇಜುಗಳು ಹೆಚ್ಚಾಗಿ ಗೆಲ್ಲುವುದು ನಿಜ. ಆದರೆ ಒಬ್ಬೊಬ್ಬರನ್ನೇ ನೋಡಿದಾಗ ಪಟ್ಟಿ ಎಡವುತ್ತದೆ. ಕಾಲೇಜು ಮುಗಿಸಿದ ಟಾಮ್ ಬ್ರೇಡಿಯನ್ನು 2000ದಲ್ಲಿ ವೃತ್ತಿ ತಂಡಗಳು 199ನೆಯವನಾಗಿ ಆರಿಸಿದವು. ಆತನಿದ್ದ ತಂಡಗಳು ಮುಂದೆ ಏಳು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದವು.

ಎಳೆಯರ ಆಯ್ಕೆಯಲ್ಲಿ ಮತ್ತೊಂದು ತೊಡಕಿದೆ. ಶಾಲಾ ಮಕ್ಕಳಿಗೆ ತೀರ ಹತ್ತಿರದ್ದು ಅದೇ. 1985ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು ಹಿಮದ ಮೇಲಣ ಹಾಕಿ ಆಟಗಾರರ ಹುಟ್ಟಿದ ದಿನಾಂಕಗಳನ್ನು ಪರಿಶೀಲಿಸಿದರು. ಮೇಲ್ಮಟ್ಟದ ತಂಡಗಳಲ್ಲಿ ಜನವರಿ, ಫೆಬ್ರವರಿ, ಮಾರ್ಚಿಯಲ್ಲಿ ಹುಟ್ಟಿದವರೇ ತುಂಬಿದ್ದರು. ವರ್ಷದ ಕೊನೆಯಲ್ಲಿ ಹುಟ್ಟಿದವರು ವಿರಳ. ಗ್ರಹಗತಿ ಇದಕ್ಕೆ ಕಾರಣವಲ್ಲ. ಅಲ್ಲಿ ವಯೋಮಿತಿಯ ಎಣಿಕೆ ಜನವರಿ 1ರಿಂದ. ಜನವರಿಯ ಬಾಲಕನು ಅದೇ ವರ್ಷದ ಡಿಸೆಂಬರಿನ ಬಾಲಕನಿಗಿಂತ ಹನ್ನೊಂದು ತಿಂಗಳು ದೊಡ್ಡವನು. ಎಳೆವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಎತ್ತರದಲ್ಲಿ, ತೂಕದಲ್ಲಿ, ಬಲದಲ್ಲಿ ಎದ್ದುಕಾಣುವ ವ್ಯತ್ಯಾಸ. ಆಯ್ಕೆಗಾರರು ಅದನ್ನೇ ಪ್ರತಿಭೆಯೆಂದು ತಿಳಿದರು. ಆಯ್ಕೆಯಾದವನಿಗೆ ಒಳ್ಳೆಯ ಗುರು, ಹೆಚ್ಚಿನ ಅಭ್ಯಾಸ ದೊರೆತು ಅವನು ನಿಜವಾಗಿಯೂ ಮುಂದಾದನು. ಹೀಗೆ ತಪ್ಪು ಎಣಿಕೆಯೊಂದು ತನ್ನನ್ನು ತಾನೇ ಸರಿಯೆಂದು ಸಾಧಿಸಿಕೊಂಡಿತು! ಬೆಳೆಯ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಸುಳ್ಳಲ್ಲವಿರಬಹುದು; ಆದರೆ ಎರಡು ಮೊಳಕೆಗಳನ್ನು ಹೋಲಿಸುವವನು ಎರಡನ್ನೂ ಒಂದೇ ದಿನ ಬಿತ್ತಲಾಯಿತೆ ಎಂಬುದನ್ನು ಕೇಳಬೇಡವೆ?

ಬೆಲ್ಜಿಯಂ ದೇಶದ ಫುಟ್‌ಬಾಲ್ ಸಂಸ್ಥೆಯು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿತು. ಮೈಬೆಳವಣಿಗೆ ತಡವಾದ ಬಾಲಕರಿಗೆಂದೇ ಅದು ಬೇರೊಂದು ತಂಡವನ್ನು ಕಟ್ಟಿ, ಮೊದಲ ತಂಡದವರಂತೆ ಅವರಿಗೂ ತರಬೇತಿ ಕೊಡತೊಡಗಿತು. ಇಲ್ಲಿಯೂ ತಿ. ನರಸೀಪುರ ತಾಲ್ಲೂಕಿನ ಕುರುಬೂರನ್ನು ನೆನೆಯಬಹುದು. ಆ ಊರಿನ ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಕೊಕ್ಕೊ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿದ್ದರು. ಅಂತಿಮ ಪಂದ್ಯದಲ್ಲಿ ನೇಪಾಳ 78–40ರಿಂದ ಸೋತಿತು. ಕುರುಬೂರು ದೊಡ್ಡ ಪಟ್ಟಣವಲ್ಲ. ಕೊಕ್ಕೊ ಆಟಕ್ಕೆ ಬೇಕಾದುದು ಎರಡು ಕಂಬ, ಸುಣ್ಣದಲ್ಲಿ ಗೆರೆ ಎಳೆದ ಒಂದಿಷ್ಟು ಮಣ್ಣು, ಮತ್ತು ಶಾಲೆ ಬಿಟ್ಟ ಮೇಲೂ ಮೈದಾನದಲ್ಲಿ ನಿಲ್ಲುವ ಒಬ್ಬ ಗುರು. ಇವಿಷ್ಟು ಹನೂರಿನಲ್ಲಿಯೂ ಯಳಂದೂರಿನಲ್ಲಿಯೂ ಒದಗಿದಾಗ, ಜಿಲ್ಲೆಯ ಪಟ್ಟಿಯಲ್ಲಿ ಹೆಸರು ಬಾರದ ಬಾಲಕನಿಗೂ ಮರುದಿನ ಸಂಜೆ ಆಡಲು ಒಂದು ಜಾಗವಿರುತ್ತದೆ.