ಅಜ್ಜನ ಮನೆಯ ಹಲಸು, ತಂಗಿ ಮಗನ ಗಿಟಾರ್

ಶಿವಮೊಗ್ಗದಲ್ಲಿ ಬ್ಯಾರಿ ಎಂದರೆ ಹಿಂದೆಲ್ಲ ಜನ ಕೇಳುತ್ತಿದ್ದ ಮೊದಲ ಪ್ರಶ್ನೆ, 'ಟಿಂಬರಾ, ಅಡಿಕೆಯಾ?' ಎಂದು. ನಮ್ಮದು ಟಿಂಬರ್. ಅಜ್ಜ ಕರಾವಳಿಯಿಂದ ಘಟ್ಟ ಹತ್ತಿ ಬಂದದ್ದು ಮರದ ಕೆಲಸಕ್ಕೆ, ಬಾಪ ಲೆಕ್ಕ ಬರೆದದ್ದು ಸಾಮಿಲ್‌ನಲ್ಲಿ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಮರದ ವ್ಯವಹಾರ ಮೊದಲಿನಂತೆ ಉಳಿಯಲಿಲ್ಲ. ನಮ್ಮ ಮನೆಯವರೂ ಬೇರೆ ಬೇರೆ ಕೆಲಸ ಹಿಡಿದರು. ಮನೆಯಲ್ಲಿ ಉಳಿದದ್ದು ಬಾಪನ ಎರಡು ಹತ್ತರಿ, ಒಂದಿಷ್ಟು ಉಳಿ, ಮತ್ತೆ ಮರ ಕಂಡರೆ ಒಮ್ಮೆ ಬೆರಳಿನಿಂದ ತಟ್ಟಿ ನೋಡುವ ಚಾಳಿ.

ಎರಡು ವರ್ಷದ ಹಿಂದೆ ಅಜ್ಜನ ಕಾಲದ ಮನೆ ಕೆಡವಿದೆವು. ಒಂದೂವರೆ ಇಂಚು ದಪ್ಪದ ಹಲಸಿನ ಬಾಗಿಲ ಹಲಗೆಗಳು ಸಿಕ್ಕಿದವು. ತಟ್ಟಿದರೆ ಗಂಟೆಯ ಹಾಗೆ ನಾದ. ಕಾಲೇಜಿಗೆ ಹೋಗುವ ತಂಗಿಯ ಮಗ ಅದನ್ನು ಕೇಳಿ, "ಮಾಮ, ಇದರಲ್ಲಿ ಗಿಟಾರ್ ಆಗುತ್ತಾ?" ಅಂದ. ತಮಾಷೆಗೆ ಕೇಳಿದನೋ ಏನೋ, ನನಗೆ ಮಾತ್ರ ಅದು ತಲೆಯಲ್ಲೇ ಕೂತಿತು. ಪರವಾನಗಿ ಇರುವ ಮಿಲ್‌ನಲ್ಲಿ ಹಲಗೆಯನ್ನು ತೆಳ್ಳಗೆ ಸೀಳಿಸಿದೆ. ಗಂಟು, ಹುಳದ ತೂತು ಇದ್ದದ್ದನ್ನು ಬಿಟ್ಟರೆ ಎರಡು ಗಿಟಾರಿಗೆ ಬೇಕಾದಷ್ಟು ಒಳ್ಳೆಯ ಮರ ಸಿಕ್ಕಿತು. ಎರಡೇ ಎರಡಕ್ಕೆ.

ಮೊದಲನೆಯದು ಹಾಳಾಯಿತು. ಅದು ಹಾಳಾದ ಕಾರಣವನ್ನು ಹೇಳಲಿಕ್ಕೇ ಈ ಬರಹ. ಮನೆಯಲ್ಲೇ ಕೂತು ಮರದ ಸಣ್ಣ ಕೆಲಸ ಮಾಡಬೇಕು ಎಂದುಕೊಂಡಿರುವ ಹುಡುಗರು ನಮ್ಮಲ್ಲಿ ಇದ್ದಾರೆ. ಅವರಿಗಾದರೂ ಉಪಯೋಗವಾಗಲಿ.

ಬಚ್ಚಲ ಗೋಡೆಯ ಪಕ್ಕ

ನನ್ನ ಮೊದಲ ಕಾರ್ಯಾಗಾರ ಇದ್ದದ್ದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಒಂದು ಗೋಡೆ ಬಚ್ಚಲಿನದ್ದು. ಗಿಟಾರಿನ ಹಿಂಬದಿಯ ಹಲಗೆಗೆ ಅಡ್ಡಪಟ್ಟಿ ಅಂಟಿಸಿದ್ದು ಜುಲೈನಲ್ಲಿ. ಹೊರಗೆ ಮಳೆ ಬಿಡದೆ ಹೊಡೆಯುತ್ತಿತ್ತು. ಪಟ್ಟಿ ಚೆನ್ನಾಗಿಯೇ ಅಂಟಿತು, ಪಕ್ಕದ ಹಲಗೆಗಳೂ ಕೂಡಿದವು. ಫೆಬ್ರವರಿಯ ಒಂದು ಮಧ್ಯಾಹ್ನ 'ಟಪ್' ಎಂದು ಸದ್ದಾಯಿತು. ಹೋಗಿ ನೋಡಿದರೆ ಹಿಂಬದಿ ಉದ್ದಕ್ಕೆ ಸೀಳು ಬಿಟ್ಟಿತ್ತು.

ಭದ್ರಾವತಿಯಲ್ಲಿ ನಮ್ಮ ಮಾಮ ಇದ್ದಾರೆ. ಕಾರ್ಖಾನೆಯ ಪ್ಯಾಟರ್ನ್ ಶಾಪ್‌ನಲ್ಲಿ ದುಡಿದು ನಿವೃತ್ತರಾದವರು. ಕಬ್ಬಿಣದ ಊರಿನವರಿಗೆ ಗಿಟಾರಿನ ಗೊಡವೆ ಯಾಕೆ ಎಂದು ನಾನು ಕೇಳಿರಲೇ ಇಲ್ಲ. ನನ್ನ ದಡ್ಡತನ ಅದು. 1918ರಲ್ಲಿ ಭದ್ರಾವತಿಯ ಕಾರ್ಖಾನೆ ಶುರುವಾದದ್ದೇ ಮಲೆನಾಡಿನ ಮರ ನಂಬಿಕೊಂಡು. 1923ರಲ್ಲಿ ಅಲ್ಲಿ ಕಬ್ಬಿಣ ಹರಿದದ್ದು ಮರದ ಇದ್ದಿಲಿನ ಕುಲುಮೆಯಿಂದ. ಅಲ್ಲದೆ ಎರಕ ಹೊಯ್ಯುವ ಯಾವುದೇ ಭಾಗಕ್ಕೂ ಮೊದಲು ಮರದಲ್ಲಿ ಅಚ್ಚು ಕೆತ್ತಬೇಕು. ಆ ಕೆಲಸಕ್ಕೇ ಪ್ಯಾಟರ್ನ್ ಶಾಪ್ ಇರುವುದು.

ಮಾಮ ಬಸ್ಸಿಳಿದು ಬಂದರು. ಒಡೆದ ಹಲಗೆ ನೋಡಿದರು, ಗೋಡೆ ಮುಟ್ಟಿ ನೋಡಿದರು.

"ಮೋನೆ, ಇದನ್ನ ಅಂಟಿಸಿದ್ದು ಯಾವಾಗ?"

"ಜುಲೈನಲ್ಲಿ ಮಾಮ."

"ಮತ್ತೆ ಒಡೀದೆ ಏನಾಗ್ತದೆ? ಕಬ್ಬಿಣ ಆರಿದರೆ ಕುಗ್ತದೆ, ಮರ ಒಣಗಿದರೆ ಕುಗ್ತದೆ. ಎಷ್ಟು ಕುಗ್ತದೆ ಅಂತ ಮೊದಲೇ ಲೆಕ್ಕ ಹಾಕದವ ಅಚ್ಚು ಮಾಡಬಾರದು."

ಎರಕದ ಕಬ್ಬಿಣ ಆರಿದಾಗ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಅದಕ್ಕೆಂದೇ ಅಚ್ಚಿನವರ ಹತ್ತಿರ ಅಷ್ಟೇ ಉದ್ದ ಹಿಗ್ಗಿಸಿದ ಬೇರೆ ಸ್ಕೇಲ್ ಇರುತ್ತದೆ. ಮರದ ಲೆಕ್ಕ ಇನ್ನೂ ಕಷ್ಟ. ಅದು ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಮಾತ್ರ ಕುಗ್ಗುತ್ತದೆ. ಒಂದಡಿಗೂ ಮೀರಿದ ಅಗಲದ ಹಲಗೆ ಮಳೆಗಾಲದಿಂದ ಬೇಸಿಗೆಗೆ ಎರಡು ಮೂರು ಮಿಲಿಮೀಟರ್ ಕಿರಿದಾಗುವುದು ದೊಡ್ಡ ಮಾತಲ್ಲ. ಅದರ ಅಡ್ಡಕ್ಕೆ ಅಂಟಿಸಿದ ಪಟ್ಟಿ ತನ್ನ ಉದ್ದದಲ್ಲಿ ಕುಗ್ಗುವುದಿಲ್ಲ. ಹಲಗೆ ಒಳಕ್ಕೆ ಎಳೆಯುತ್ತದೆ, ಪಟ್ಟಿ ಬಿಡುವುದಿಲ್ಲ. ಕೊನೆಗೆ ತೆಳ್ಳಗಿನ ಹಲಗೆಯೇ ಸೀಳುತ್ತದೆ.

ಮೊದಲ ಉಪಕರಣ ಕೋಣೆಯೇ

ಕಾರ್ಯಾಗಾರ ಎಂದ ಕೂಡಲೇ ನಾವು ಮೆಷಿನ್ ಪಟ್ಟಿ ಮಾಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಮಲೆನಾಡಿನ ಬಾಗಿಲಲ್ಲಿ ಇರುವ ನಮಗೆ ಮೊದಲು ಬೇಕಾದದ್ದು ತೇವ ಅಳೆಯುವ ಸಣ್ಣ ಮೀಟರ್, ಹೈಗ್ರೋಮೀಟರ್. ಅಂಟಿಸುವ ಕೆಲಸಕ್ಕೆ ಗಾಳಿಯ ತೇವಾಂಶ ಶೇ 45ರಿಂದ 50ರ ಆಸುಪಾಸು ಇರಬೇಕು. ನನ್ನ ಹಳೇ ಕೋಣೆಯಲ್ಲಿ ಜುಲೈನಲ್ಲಿ ಶೇ 85 ದಾಟುತ್ತಿತ್ತು.

ಮೀಟರ್ ಸರಿ ತೋರಿಸುತ್ತದೋ ಎಂದು ಪರೀಕ್ಷಿಸಲು ಅಡುಗೆ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಗಟ್ಟಿ ಹಿಟ್ಟಿನ ಹಾಗಾಗುವಷ್ಟು ನೀರು ಬಿಡಿ. ಅದನ್ನೂ ಮೀಟರನ್ನೂ ಒಂದೇ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 80 ತೋರಿಸಿದರೆ ನಿಮ್ಮ ಮೀಟರ್ 5 ಹೆಚ್ಚು ಹೇಳುತ್ತದೆ ಎಂದರ್ಥ.

ನಾವು ಮಹಡಿಯ 10 ಅಡಿ ಅಗಲ, 11 ಅಡಿ ಉದ್ದದ ಕೋಣೆಗೆ ಹೋದೆವು. ಪೂರ್ವಕ್ಕೆ ಒಂದೇ ಕಿಟಕಿ, ನೀರಿನ ಗೋಡೆ ಯಾವುದೂ ಇಲ್ಲ. ಅಲ್ಲೂ ಮಳೆಗಾಲದಲ್ಲಿ ಇಡೀ ಕೋಣೆ ಒಣಗಿಸುವುದು ಖರ್ಚಿನ ಕೆಲಸ. ಹಾಗಾಗಿ ಹಳೇ ಮರದ ಕಪಾಟೊಂದನ್ನು ಒಣಪೆಟ್ಟಿಗೆ ಮಾಡಿದೆವು. ಕೆಳಗೆ ತಂತಿಬಲೆಯ ಮರೆಯಲ್ಲಿ ಒಂದು 40 ವಾಟ್ ಬಲ್ಬ್, ಮೇಲೆ ಗಾಳಿಗೆ ನಾಲ್ಕು ತೂತು, ನಡುವೆ ಹಲಗೆಗಳು. ಬಲ್ಬ್ ಹಳೇ ನಮೂನೆಯದ್ದೇ ಬೇಕು. ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ. ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಮರ ಬಲ್ಬಿನಿಂದ ಒಂದಡಿ ದೂರವಾದರೂ ಇರಲಿ, ಮನೆಯಲ್ಲಿ ಯಾರೂ ಇಲ್ಲದಾಗ ಆರಿಸಿ.

ಮರ ಒಣಗಿದ್ದು ಗೊತ್ತಾಗುವುದು ತಕ್ಕಡಿಯಿಂದ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಹಲಗೆ ತೂಗಿ, ಅದರ ಮೇಲೇ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಮೂರು ವಾರ ಒಂದೇ ತೂಕ ಬಂದರೆ ಕೆಲಸಕ್ಕೆ ಸಿದ್ಧ. ತಕ್ಕಡಿ ವಾಪಸ್ ಬಂತಾ ಎಂದು ಉಮ್ಮ ಪ್ರತಿ ಸಲ ಕೇಳುತ್ತಾರೆ.

ಮೇಜು, ಗೋಡೆ, ಧೂಳು

ಮೇಜು ಸೊಂಟದ ಎತ್ತರಕ್ಕೆ, ತಳ್ಳಿದರೂ ಅಲುಗದಷ್ಟು ಭಾರ. ಬೆಳಕು ಎಡದಿಂದ ಬೀಳುವಂತೆ ಕಿಟಕಿ ಪಕ್ಕ ಹಾಕಿದ್ದೇವೆ. ಎದುರಿನ ಗೋಡೆಗೆ ಪ್ಲೈವುಡ್ ಹೊಡೆದು ಹತ್ತರಿ, ಉಳಿ, ಅರ, ಮೂಲೆಮಟ್ಟ ಎಲ್ಲವನ್ನೂ ತೂಗುಹಾಕಿದೆವು. ಮಾಮ ಒಂದೊಂದರ ಸುತ್ತಲೂ ಪೆನ್ಸಿಲ್ ಗೆರೆ ಎಳೆದರು. ಕಾರ್ಖಾನೆಯ ಅಭ್ಯಾಸ. ರಾತ್ರಿ ಬಾಗಿಲು ಹಾಕುವಾಗ ಯಾವ ಗೆರೆಯೊಳಗೆ ಖಾಲಿ ಇದೆಯೋ ಆ ಉಳಿ ಮೇಜಿನ ಕೆಳಗೋ ಮಕ್ಕಳ ಕೈಯಲ್ಲೋ ಇದೆ ಎಂದು ತಿಳಿಯುತ್ತದೆ.

ಮರಕ್ಕೆ ಮರಳುಕಾಗದ ಹಾಕಿ ತಿಕ್ಕುವ ಕೆಲಸ ಕೋಣೆಯಲ್ಲಿ ಇಲ್ಲ, ತಾರಸಿಯ ಮೇಲೆ. ಉಮ್ಮನಿಗೆ ಉಬ್ಬಸ. ಮರದ ನುಣ್ಣನೆಯ ಧೂಳು ಯಾರ ಶ್ವಾಸಕ್ಕೂ ಒಳ್ಳೆಯದಲ್ಲ, ಎನ್‌95 ಮಾಸ್ಕ್ ಇಲ್ಲದೆ ಆ ಕೆಲಸಕ್ಕೆ ಇಳಿಯಬಾರದು. ಪಕ್ಕದ ಹಲಗೆ ಬಾಗಿಸುವುದೂ ಹೊರಗೇ. ಮಾಮ ಎರಡೂವರೆ ಇಂಚಿನ ಕಬ್ಬಿಣದ ಪೈಪನ್ನು ಕಲ್ಲಿಗೆ ಬಿಗಿದು, ಒಳಗಿನಿಂದ ಬೆಂಕಿ ಕೊಟ್ಟು ಕಾಯಿಸುತ್ತಾರೆ. ಎರಡು ಮಿಲಿಮೀಟರ್‌ಗೆ ತೆಳ್ಳಗೆ ಮಾಡಿ ನೀರು ಸವರಿದ ಹಲಗೆಯನ್ನು ಅದರ ಮೇಲೆ ನಿಧಾನಕ್ಕೆ ಒತ್ತಿದರೆ ಸೊಂಟದ ಆಕಾರಕ್ಕೆ ಬಾಗುತ್ತದೆ. ಇನ್ನು ಡ್ರಿಲ್, ಟ್ರಿಮ್ಮರ್ ಎರಡೇ ಸದ್ದಿನ ಮೆಷಿನ್. ಇಶಾ ಆದ ಮೇಲೆ ಅವು ಮುಟ್ಟುವುದಿಲ್ಲ. ಪಕ್ಕದ ಮನೆಯ ಮಗುವಿಗೆ ಪರೀಕ್ಷೆ ಇದ್ದಾಗ ಹಗಲೂ ಇಲ್ಲ.

ಬೀಟೆಯೇ ಬೇಕೆಂದಿಲ್ಲ

ಗಿಟಾರ್ ಎಂದರೆ ಬೀಟೆ ಮರ ಎಂದು ಹೇಳುವವರು ಬಹಳ. ಬೀಟೆ ನಮ್ಮ ಕಾಡಿನದ್ದೇ, ಆದರೆ ಸ್ವಂತ ಜಮೀನಿನಲ್ಲಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. 2017ರಿಂದ ಅದರ ಜಾತಿಯ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಸೈಟಿಸ್ ಒಪ್ಪಂದದ ನಿಯಂತ್ರಣ ಬಂತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ರಸೀದಿ, ಪಾಸ್ ಇಲ್ಲದ ಬೀಟೆ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮನೆಯೊಳಗೆ ತರಬೇಡಿ. ಟಿಂಬರ್ ಮನೆಯಲ್ಲಿ ಹುಟ್ಟಿದವನಾಗಿ ಇದನ್ನು ಒತ್ತಿ ಹೇಳುತ್ತೇನೆ.

ಹಲಸು ಕಡಿಮೆಯ ಮರವೇನಲ್ಲ. ತಂಜಾವೂರಿನ ವೀಣೆ, ಮೃದಂಗದ ಕಳಸೆ ಅದರದ್ದೇ. ಇಂದಿನ ಗಿಟಾರಿಗೆ ರೂಪ ಕೊಟ್ಟ ಸ್ಪೇನಿನ ಅಂತೋನಿಯೊ ದೆ ತೋರ್ರೆಸ್ 1862ರಲ್ಲಿ ಹಿಂಬದಿ, ಪಕ್ಕ ಎರಡನ್ನೂ ರಟ್ಟಿನಿಂದ ಮಾಡಿ ಒಂದು ಗಿಟಾರ್ ಕಟ್ಟಿ ತೋರಿಸಿದ್ದರು. ನಾದದ ಮುಖ್ಯ ಭಾರ ಹೊರುವುದು ಮುಂಬದಿಯ ತೆಳು ಹಲಗೆ ಎಂಬುದು ಅವರ ವಾದ. ಅದೊಂದನ್ನು, ಸ್ಪ್ರೂಸ್ ಮರದ್ದು, ನಾವು ಹೊರಗಿನಿಂದ ತರಿಸಿದೆವು. ಸ್ಪೇನಿಗೆ ಈ ವಿದ್ಯೆಯ ಒಂದು ಎಳೆ ಬಂದದ್ದು ಅರಬರ ಊದ್ ವಾದ್ಯದ ಜೊತೆ. ಅರಬಿಯಲ್ಲಿ 'ಅಲ್ ಊದ್' ಎಂದರೆ ಮರ. ಅದೇ ಯುರೋಪಿನಲ್ಲಿ 'ಲ್ಯೂಟ್' ಆಗಿ, ಗಿಟಾರ್ ಮಾಡುವವನಿಗೆ 'ಲೂಥಿಯರ್' ಎಂಬ ಹೆಸರು ಬಂತು. ಇದನ್ನು ಕೇಳಿ ಮಾಮ, "ಹಾಗಾದ್ರೆ ನಿನ್ನ ಅಜ್ಜನೂ ಅದೇ" ಎಂದು ನಕ್ಕರು.

ಅಳತೆ ಎಲ್ಲಿಂದ?

ಕತ್ತಿನ ಮೇಲೆ ಫ್ರೆಟ್ ತಂತಿ ಕೂರಿಸುವ ಗೆರೆಗಳನ್ನು ನಾನು ಒಂದರಿಂದ ಇನ್ನೊಂದಕ್ಕೆ ಅಳೆಯುತ್ತಿದ್ದೆ. ಮಾಮ ಸ್ಕೇಲ್ ಕಸಿದುಕೊಂಡರು.

"ಒಂದೊಂದರಲ್ಲಿ ಕೂದಲೆಳೆ ತಪ್ಪಿದರೂ ಹನ್ನೆರಡನೇದಕ್ಕೆ ಎಷ್ಟಾಯ್ತು? ಎಲ್ಲಾನೂ ಮೊದಲ ಗೆರೆಯಿಂದಲೇ ಅಳಿ."

ತಂತಿಯ ಉದ್ದ 650 ಮಿಲಿಮೀಟರ್ ಇದ್ದರೆ ಅದನ್ನು 17.817ರಿಂದ ಭಾಗಿಸಬೇಕು. ಮೊದಲ ಫ್ರೆಟ್ 36.5ಕ್ಕೆ ಬರುತ್ತದೆ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋಗಬೇಕು. ಐದನೆಯದು 163, ಏಳನೆಯದು 216.2, ಹನ್ನೆರಡನೆಯದು ಸರಿಯಾಗಿ ಅರ್ಧ, 325. ಲೆಕ್ಕವನ್ನು ಕಾಗದದಲ್ಲಿ ಮುಗಿಸಿ, ಉಕ್ಕಿನ ಸ್ಕೇಲನ್ನು ಒಮ್ಮೆ ಬಿಗಿದಿಟ್ಟ ಮೇಲೆ ತೆಗೆಯದೆ ಎಲ್ಲ ಗೆರೆ ಹಾಕಿ. ಮೊದಲ ಗಿಟಾರಿಗೆ ನೈಲಾನ್ ತಂತಿಯೇ ಒಳ್ಳೆಯದು. ಆರು ತಂತಿಯ ಒಟ್ಟು ಎಳೆತ ಸುಮಾರು 40 ಕೆ.ಜಿ. ಉಕ್ಕಿನ ತಂತಿಯಾದರೆ 70 ಕೆ.ಜಿ. ದಾಟುತ್ತದೆ, ಹೊಸಬನ ಅಂಟು ಅದನ್ನು ತಡೆಯುವುದು ಕಷ್ಟ.

ಎರಡನೇ ಗಿಟಾರಿನ ಹಿಂಬದಿಗೆ ಪಟ್ಟಿ ಅಂಟಿಸಿದ ದಿನ ಹೊರಗೆ ಜೋರು ಮಳೆ. ಒಣಪೆಟ್ಟಿಗೆಯಲ್ಲಿ ಮೀಟರ್ 46 ತೋರಿಸುತ್ತಿತ್ತು. ಹಲಗೆ ಹೊರತೆಗೆದು, ಅಂಟು ಹಚ್ಚಿ, ಕ್ಲಾಂಪ್ ಬಿಗಿದು, ಕ್ಲಾಂಪ್ ಸಮೇತ ಹತ್ತು ನಿಮಿಷದೊಳಗೆ ವಾಪಸ್ ಒಳಗಿಟ್ಟೆವು. ಈಗ ಪೆಟ್ಟಿಗೆ ಮುಚ್ಚಿದೆ, ಕತ್ತು ಕೂಡಿದೆ. ಪಾಲಿಶ್ ಬಾಕಿ. ಮಳೆಯಲ್ಲಿ ಅರಗಿನ ಪಾಲಿಶ್ ಹಾಕಿದರೆ ಬಿಳಿ ಮಬ್ಬು ಕಟ್ಟುತ್ತದೆ, ಹಾಗಾಗಿ ನವೆಂಬರ್‌ವರೆಗೆ ಕಾಯುತ್ತಿದ್ದೇವೆ.

ತಂಗಿಯ ಮಗ ವಾರಕ್ಕೊಮ್ಮೆ ಬಂದು ಕಪಾಟಿನ ಬಾಗಿಲು ತೆಗೆದು ನೋಡುತ್ತಾನೆ. ಮೊದಲು ನೋಡುವುದು ಗಿಟಾರನ್ನಲ್ಲ, ಮೀಟರನ್ನು. ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು ಬಾಗಿಲು ಹಾಕುತ್ತಾನೆ. ಫೆಬ್ರವರಿ ದಾಟಿದರೆ ಗೆದ್ದೆವು ಎಂದು ಮಾಮ ಹೇಳಿದ್ದಾರೆ. ಅಜ್ಜನ ಮನೆಯ ಹಲಸು ಇನ್ನು ಉಳಿದಿಲ್ಲ.