ದನಿಯ ಆಸರೆ

ಕಾಲಿಗೆ ಮುಳ್ಳು ಚುಚ್ಚಿದರೆ ಮನುಷ್ಯನು ಹತ್ತು ಜನರೆದುರು ಹೇಳಿಕೊಳ್ಳುತ್ತಾನೆ. ಜ್ವರ ಬಂದರೆ ವೈದ್ಯರ ಬಳಿಗೆ ಹೋಗುತ್ತಾನೆ. ಆದರೆ ಮನಸ್ಸಿಗೆ ನೋವಾದಾಗ ಅದನ್ನು ಮುಚ್ಚಿಡುತ್ತಾನೆ. ಹೇಳಿಕೊಂಡರೆ ಜನ ಹುಚ್ಚನೆಂದಾರು ಎಂಬ ಅಂಜಿಕೆ ಒಂದು ಕಡೆ. ಕೇಳಿಸಿಕೊಳ್ಳುವವರು ಯಾರು ಎಂಬ ಪ್ರಶ್ನೆ ಇನ್ನೊಂದು ಕಡೆ. ದೇಹದಂತೆ ಮನಸ್ಸೂ ಬಳಲುತ್ತದೆ. ತಕ್ಕ ಆರೈಕೆ ದೊರೆತರೆ ಚೇತರಿಸಿಕೊಳ್ಳುತ್ತದೆ. ಈ ಸರಳ ಸತ್ಯವು ಇನ್ನೂ ಎಲ್ಲರ ಮನೆಬಾಗಿಲನ್ನು ಮುಟ್ಟಿಲ್ಲ.

ಮನಸ್ಸಿನ ನೋವಿಗೆ ಬಡವ, ಬಲ್ಲಿದ ಎಂಬ ಭೇದವಿಲ್ಲ. ಆದರೆ ಅದರ ಪರಿಹಾರಕ್ಕೆ ಆ ಭೇದವುಂಟು. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿಗೆ ಸೇರಿದ ಲಕ್ಕೂರನ್ನೇ ನೋಡಬಹುದು. ಈ ತಾಲ್ಲೂಕು ಹೆಂಚು, ಇಟ್ಟಿಗೆಗಳಿಗೆ ಹೆಸರಾದುದು; ಜಿಲ್ಲೆಯು ರೇಷ್ಮೆ, ಹಾಲು, ಟೊಮೆಟೊಗಳಿಗೆ ಪ್ರಸಿದ್ಧವಾದುದು. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಮಳೆ ಕೈಕೊಟ್ಟರೆ, ಕೊಳವೆಬಾವಿ ಬತ್ತಿದರೆ, ಟೊಮೆಟೊ ಬೆಲೆ ಕುಸಿದರೆ ರೈತನ ಸಾಲ ಬೆಳೆಯುತ್ತದೆ. ಸಾಲದೊಡನೆ ಚಿಂತೆಯೂ ಬೆಳೆಯುತ್ತದೆ. ಇಟ್ಟಿಗೆ ಗೂಡಿನ ಕೂಲಿಯಾಳೊಬ್ಬನಿಗೆ ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರದು, ಬದುಕೇ ಬೇಸರವಾಗಿದೆ ಎಂದು ಭಾವಿಸೋಣ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಅವನಿಗೆ ಬಹು ದೂರವೇನಲ್ಲ. ಆದರೆ ಅಲ್ಲಿಗೆ ಹೋದರೆ ಆ ದಿನದ ಕೂಲಿ ಹೋಗುತ್ತದೆ. ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಎಲ್ಲಿಗೆ ಹೋಗಿದ್ದೆ ಎಂದು ಕೇಳುವ ಊರಿಗೆ ಉತ್ತರ ಕೊಡಬೇಕಾಗುತ್ತದೆ. ಬಡವನ ಪಾಲಿಗೆ ದೂರವೆಂಬುದು ಮೈಲಿಗಳ ಲೆಕ್ಕವಲ್ಲ.

ಈ ದೂರವನ್ನು ತಂತಿಯ ಮೂಲಕ ದಾಟಬಹುದೆಂದು ತೋರಿಸಿದವರಲ್ಲಿ ಇಂಗ್ಲೆಂಡಿನ ಪಾದ್ರಿ ಚಾಡ್ ವಾರಾ ಪ್ರಮುಖರು. ಅವರು ನೆರವೇರಿಸಿದ ಮೊದಲ ಅಂತ್ಯಕ್ರಿಯೆ ಒಬ್ಬ ಬಾಲಕಿಯದು. ಬೆಳೆಯುವ ವಯಸ್ಸಿನ ಸಹಜ ಬದಲಾವಣೆಯನ್ನೇ ರೋಗವೆಂದು ಭ್ರಮಿಸಿ, ಯಾರನ್ನೂ ಕೇಳಲಾರದೆ ಆಕೆ ಪ್ರಾಣ ಬಿಟ್ಟಿದ್ದಳು. ಇದನ್ನು ಮರೆಯದ ಅವರು 1953ರಲ್ಲಿ ಲಂಡನ್ನಿನ ತಮ್ಮ ಚರ್ಚಿನಲ್ಲಿ ದೂರವಾಣಿ ಸೇವೆಯನ್ನು ಆರಂಭಿಸಿದರು. ಅವರನ್ನು ಕಾಣಬಂದವರನ್ನು ಸ್ವಯಂಸೇವಕರು ಕೂರಿಸಿ, ಚಹಾ ಕೊಟ್ಟು, ಮಾತನಾಡಿಸುತ್ತಿದ್ದರು. ಬಂದವರಲ್ಲಿ ಅನೇಕರು ಅಷ್ಟರಿಂದಲೇ ಹಗುರಾಗಿ ಹಿಂದಿರುಗುತ್ತಿದ್ದರು. ಮನಸ್ಸಿಟ್ಟು ಕೇಳಿಸಿಕೊಳ್ಳುವುದೂ ಒಂದು ಚಿಕಿತ್ಸೆಯೆಂಬುದು ಹೀಗೆ ತಿಳಿದುಬಂದಿತು.

ಕರ್ನಾಟಕವೂ ಈ ದಾರಿಯಲ್ಲಿ ಹಿಂದೆ ಬೀಳಲಿಲ್ಲ. ನಿಮ್ಹಾನ್ಸ್ ಸಂಸ್ಥೆ ರೂಪುಗೊಂಡುದು 1974ರಲ್ಲಿ. ಆಸ್ಪತ್ರೆಯೇ ಹಳ್ಳಿಗೆ ಹೋಗಬೇಕೆಂಬ ಆಲೋಚನೆಯಿಂದ ಅದು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮಾಂತರ ಕೇಂದ್ರವನ್ನು ತೆರೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಲಾಯಿತು. ಆ ಪ್ರಯೋಗದ ಮಾದರಿಯಲ್ಲಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು.

2020ರ ಕೋವಿಡ್ ಪಿಡುಗು ಜನರನ್ನು ಮನೆಗಳಲ್ಲಿ ಬಂಧಿಸಿದಾಗ ದೂರವಾಣಿಯ ಬೆಲೆ ಎಲ್ಲರಿಗೂ ತಿಳಿಯಿತು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಭಾರತ ಸರ್ಕಾರವು ‘ಟೆಲಿ ಮಾನಸ್’ ಎಂಬ ಸೇವೆಯನ್ನು ಪ್ರಾರಂಭಿಸಿತು. ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಯಾರು ಬೇಕಾದರೂ ಕರೆ ಮಾಡಬಹುದು, ಶುಲ್ಕವಿಲ್ಲ. ಇಪ್ಪತ್ತು ಭಾಷೆಗಳಲ್ಲಿ ಸೇವೆ ದೊರೆಯುತ್ತದೆ. ಮನೆಯಲ್ಲಿ ತೆಲುಗನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡುವ ಕುಟುಂಬಗಳು ಹಲವಿರುವ ಕೋಲಾರ ಸೀಮೆಗೆ ಇದು ಸಣ್ಣ ಸಂಗತಿಯಲ್ಲ. ಅಳುವಿಗೆ ಮಾತು ಕೊಡುವುದು ಮನೆಯ ಭಾಷೆಯೇ ಅಲ್ಲವೆ?

ಕರೆಯನ್ನು ಮೊದಲು ತರಬೇತಿ ಪಡೆದ ಆಪ್ತ ಸಲಹೆಗಾರರು ಸ್ವೀಕರಿಸುತ್ತಾರೆ. ಅವರು ಗದರುವುದಿಲ್ಲ, ತೀರ್ಪು ಕೊಡುವುದಿಲ್ಲ. ನಿದ್ದೆ, ಊಟ, ಕೆಲಸಗಳನ್ನು ಕುರಿತು ವಿಚಾರಿಸುತ್ತಾರೆ. ಅಪಾಯವೇನಾದರೂ ಇದೆಯೇ ಎಂದು ಅರಿಯುತ್ತಾರೆ. ಅಗತ್ಯವಿದ್ದರೆ ಕರೆಯು ಮನೋವೈದ್ಯರಂತಹ ತಜ್ಞರಿಗೆ ಹೋಗುತ್ತದೆ, ಇಲ್ಲವೆ ಹತ್ತಿರದ ಆಸ್ಪತ್ರೆಯ ದಾರಿಯನ್ನು ತಿಳಿಸಲಾಗುತ್ತದೆ. ಹೇಳಿದ ಮಾತಿನ ಗೌಪ್ಯವನ್ನು ಕಾಪಾಡಲಾಗುತ್ತದೆ. 2025ರ ವೇಳೆಗೆ ಈ ಸೇವೆಗೆ 20 ಲಕ್ಷಕ್ಕೂ ಮಿಕ್ಕ ಕರೆಗಳು ಬಂದಿದ್ದವು. ಕೇಳುವವರಿದ್ದರೆ ಹೇಳುವವರಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ದೂರವಾಣಿಗೂ ಮಿತಿಗಳುಂಟು. ಅದು ಸಾಲವನ್ನು ತೀರಿಸಲಾರದು, ಮಳೆಯನ್ನು ತರಿಸಲಾರದು. ಕೆಲವು ಕಾಯಿಲೆಗಳಿಗೆ ಔಷಧಿಯೂ ವೈದ್ಯರ ನೇರ ಪರೀಕ್ಷೆಯೂ ಬೇಕೇ ಬೇಕು. ಮನೆಗೊಂದೇ ಫೋನು, ಅದೂ ಗಂಡನ ಜೇಬಿನಲ್ಲಿ ಇರುವಲ್ಲಿ ಹೆಂಗಸು ತನ್ನ ದುಃಖವನ್ನು ಯಾರಿಗೆ, ಎಲ್ಲಿ ನಿಂತು ಹೇಳಿಯಾಳು? ಆದರೂ ಕತ್ತಲೆಯ ಗಳಿಗೆಯೊಂದನ್ನು ದಾಟಿಸಲು ಒಂದು ದನಿ ಸಾಕಾಗಬಹುದು. ಆ ಗಳಿಗೆ ದಾಟಿದರೆ ಮುಂದಿನ ದಾರಿಯನ್ನು ಹುಡುಕಲು ಮನುಷ್ಯನು ಉಳಿದಿರುತ್ತಾನೆ.

ಕಾನೂನಿನ ದೃಷ್ಟಿಯೂ ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದೇ ಭಾವಿಸುತ್ತದೆ. ಅವರಿಗೆ ಆರೈಕೆ ನೀಡುವುದು ಸರ್ಕಾರದ ಹೊಣೆಯೆಂದು ಸಾರುತ್ತದೆ. ಕಾನೂನು ಕಲಿತ ಈ ಕರುಣೆಯನ್ನು ಸಮಾಜವೂ ಕಲಿಯಬೇಕಾಗಿದೆ.

ಇದರಲ್ಲಿ ವಿದ್ಯಾರ್ಥಿಗಳ ಪಾತ್ರ ಕಿರಿದಲ್ಲ. ಸದಾ ನಗುತ್ತಿದ್ದ ಗೆಳೆಯ ಮೌನಿಯಾದರೆ, ಅಕ್ಕನೋ ಅಪ್ಪನೋ ಊಟ ನಿದ್ದೆ ಬಿಟ್ಟು ಕುಳಿತರೆ, ಹಾಸ್ಯ ಮಾಡದೆ ಬಳಿ ಕುಳಿತು ಕೇಳಬೇಕು. ನಂಬಿಕೆಯ ಹಿರಿಯರಿಗೆ ತಿಳಿಸಬೇಕು. ಆ ಸಂಖ್ಯೆಯನ್ನು ಒತ್ತಲು ಅರಿಯದವರಿಗೆ ಒತ್ತಿಕೊಡಬೇಕು. ನೋವನ್ನು ಹೇಳಿಕೊಳ್ಳುವುದು ಹೇಡಿತನವಲ್ಲ. ಅದನ್ನು ಕೇಳಿಸಿಕೊಳ್ಳುವುದು ದೊಡ್ಡತನ.